ಎರಡು ಗುಂಡಿ ಒತ್ತಿ ಒಳಹೋಗುವ ದೊಡ್ಡಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮುದ್ರಣಾಲಯದ ಹಿಂಭಾಗದ ಕೋಣೆಯಲ್ಲಿ ದೀಪ ಹಾಕಿಲ್ಲ. ಒಳಗಿರುವ ಇಬ್ಬರಿಗೆ ಅದರ ಅಗತ್ಯವೂ ಇಲ್ಲ. ಮೂರನೆಯವನಾದ ನಾನು ಮಾತ್ರ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡು ಒಳಗೆ ಬಂದಿದ್ದೇನೆ. “ಹುಷಾರು, ಕಣ್ಣಿರೋರಿಗೆ ಆ ಬಾಗಿಲು ಸ್ವಲ್ಪ ಕಷ್ಟ” ಎಂದು ಕತ್ತಲೆಯೊಳಗಿಂದ ಹೆಂಗಸಿನ ದನಿ ಕೇಳುತ್ತದೆ. ಇದು ಸಾಂತ್ವನವೋ ಗೇಲಿಯೋ ಎಂದು ನಾನು ಯೋಚಿಸುತ್ತಿರುವಾಗಲೇ ಗಂಡಸಿನ ದನಿಯೊಂದು, “ಸ್ವಿಚ್ಚು ನಿಮ್ಮ ಬಲಗಡೆ ಇದೆ, ಹಾಕ್ಕೊಳ್ಳಿ. ನಮಗೇನೂ ತೊಂದರೆ ಇಲ್ಲ” ಎನ್ನುತ್ತದೆ.

ದೀಪ ಹಾಕಿದ ಮೇಲೆ ಕಾಣುವುದು ಇಷ್ಟು. ಗೋಡೆಗೆ ಒರಗಿಸಿಟ್ಟ ಸತುವಿನ ತಗಡುಗಳು, ಒಂದಕ್ಕೊಂದು ಉಜ್ಜದಂತೆ ನಡುನಡುವೆ ಹಳೆಯ ಪತ್ರಿಕೆಯ ಹಾಳೆ. ಹೊಲಿಗೆ ಯಂತ್ರದ ದೊಡ್ಡಣ್ಣನಂತಿರುವ ಒಂದು ಕಬ್ಬಿಣದ ಯಂತ್ರ, ಅದರ ಬಾಯಲ್ಲಿ ಅರ್ಧ ಒಳಹೋದ ತಗಡು. ಪಕ್ಕದ ಮೇಜಿನ ಮೇಲೆ ಒಂದು ಮುದಿ ಕಂಪ್ಯೂಟರು. ಒಂದು ಕಾಲಕ್ಕೆ ಬೆಳ್ಳಗಿದ್ದಿರಬೇಕು, ಈಗ ಬಿಸಿಲಿಗೆ ಬಿದ್ದ ಪುಸ್ತಕದ ಬಣ್ಣಕ್ಕೆ ತಿರುಗಿದೆ. ಕೀಬೋರ್ಡಿನ ಗುಂಡಿಗಳ ಮೇಲಿನ ಅಕ್ಷರಗಳು ಅಳಿಸಿಹೋಗಿ ಎಷ್ಟೋ ಕಾಲವಾಗಿದೆ. ಅದರ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತವರು ಈ ಬ್ರೈಲ್ ಮುದ್ರಣಾಲಯದ ಆಪರೇಟರು. ಅವರಿಗಿಂತ ಹಿರಿಯರೂ ಸೇರಿ ಎಲ್ಲರೂ ಅವರನ್ನು ದೊಡ್ಡಕ್ಕ ಎಂದೇ ಕರೆಯುತ್ತಾರೆ. ಪಕ್ಕದ ಕುರ್ಚಿಯಲ್ಲಿ ಅವರ ಭುಜದ ಮೇಲೊಂದು ಕೈ ಇಟ್ಟು, ಬೇರೇನೂ ಮಾಡದೆ ಕೂತವರು ಅವರ ಯಜಮಾನರು. ಅವರು ಇಲ್ಲಿಯ ಪ್ರೂಫ್ ರೀಡರು, ಅಚ್ಚಾದ ಹಾಳೆಗಳನ್ನು ಬೆರಳಲ್ಲಿ ಓದಿ ತಪ್ಪು ಹುಡುಕುವವರು. ಇಬ್ಬರಿಗೂ ಹುಟ್ಟಿನಿಂದ ದೃಷ್ಟಿಯಿಲ್ಲ.

“ಎಡಗಡೆ ಬಂದು ಕೂತ್ಕೊಳ್ಳಿ, ಆ ಕಡೆಯಿಂದ ಮಾತಾಡಿ” ಎನ್ನುತ್ತಾರೆ ದೊಡ್ಡಕ್ಕ. ಕೂರುತ್ತೇನೆ. ಕಂಪ್ಯೂಟರು ಒಂದು ಪದವನ್ನು ಅದರ ಅರ್ಥದೊಂದಿಗೆ ಯಾವ ಏರಿಳಿತವೂ ಇಲ್ಲದ ದನಿಯಲ್ಲಿ ಗಟ್ಟಿಯಾಗಿ ಓದುತ್ತದೆ. ಅವರು ಒಂದು ಗುಂಡಿ ಒತ್ತುತ್ತಾರೆ. ಕಬ್ಬಿಣದ ಯಂತ್ರ ಟಕಟಕನೆ ಬಡಿದು ಆ ಸಾಲನ್ನು ಚುಕ್ಕಿಗಳಾಗಿ ತಗಡಿನಲ್ಲಿ ಮೂಡಿಸುತ್ತದೆ. ಮುಂದಿನ ಪದ, ಮತ್ತೆ ಗುಂಡಿ, ಮತ್ತೆ ಟಕಟಕ. ತಯಾರಾಗುತ್ತಿರುವುದು ಕಣ್ಣಿಲ್ಲದ ಮಕ್ಕಳಿಗಾಗಿ ಒಂದು ಶಾಲಾ ನಿಘಂಟು. ಕಣ್ಣಿರುವವರು ಚೀಲದಲ್ಲಿ ಹಾಕಿಕೊಂಡು ಓಡಾಡುವ ಪುಸ್ತಕ, ಬ್ರೈಲಿನಲ್ಲಿ ಒಂದು ಇಡೀ ಕಪಾಟು ಬೇಡುತ್ತದೆ. ಅಕಾರದಿಂದ ಹೊರಟು ವರ್ಷಗಟ್ಟಲೆ ನಡೆದು ದೊಡ್ಡಕ್ಕ ಈಗ ಸಕಾರಕ್ಕೆ ಬಂದು ನಿಂತಿದ್ದಾರೆ. “ಈ ಸ ಅನ್ನೋದು ಮುಗಿಯೋದೇ ಇಲ್ಲ ನೋಡಿ. ಯಾರು ತುಂಬಿದ್ರೋ ಇಷ್ಟೊಂದು ಪದಾನ ಇದರೊಳಗೆ” ಎಂದು ಬೇಸರಿಸುತ್ತಾರೆ.

ಅಷ್ಟರಲ್ಲಿ ಕಂಪ್ಯೂಟರು ‘ಸ್ವಾತಂತ್ರ್ಯ’ ಎಂಬ ಪದವನ್ನು ಅರ್ಧ ಹೇಳಿ ಬಾಯಿ ಮುಚ್ಚಿಬಿಡುತ್ತದೆ. ಕಬ್ಬಿಣದ ಯಂತ್ರವೂ ನಿಲ್ಲುತ್ತದೆ. ಏನೋ ನನ್ನಿಂದಲೇ ಆಯಿತೆಂಬಂತೆ ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸುತ್ತೇನೆ. ದೊಡ್ಡಕ್ಕ ಒಂದು ನಿಟ್ಟುಸಿರು ಬಿಟ್ಟು, ಎಡಗೈಯ ಬೆರಳನ್ನು ಕೀಬೋರ್ಡಿನ ಕೆಳಸಾಲಿನ ಒಂದು ಗುಂಡಿಯ ಮೇಲೂ ಬಲಗೈಯದನ್ನು ಮೇಲ್ತುದಿಯ ಮೂಲೆಯಲ್ಲಿ ಒಂಟಿಯಾಗಿರುವ ಗುಂಡಿಯ ಮೇಲೂ ಇಟ್ಟು, ಎರಡನ್ನೂ ಒಟ್ಟಿಗೆ ಒತ್ತುತ್ತಾರೆ. ಸುಮ್ಮನಿರುತ್ತಾರೆ. ಭುಜದ ಮೇಲಿನ ಯಜಮಾನರ ಕೈಯ ಹೆಬ್ಬೆರಳು ಒಮ್ಮೆ ಮೆಲ್ಲಗೆ ಅದುಮುತ್ತದೆ. ಆಗ ದೊಡ್ಡಕ್ಕ ಒಂದಷ್ಟು ಅಕ್ಷರಗಳನ್ನು ಸರಸರನೆ ಒತ್ತಿ, ಕೊನೆಗೆ ಎಂಟರ್ ಗುಂಡಿಗೆ ಒಂದು ಏಟು ಹಾಕುತ್ತಾರೆ. ಕಂಪ್ಯೂಟರು ನಿದ್ದೆಯಿಂದ ಎದ್ದವರಂತೆ ಪದದ ಉಳಿದರ್ಧ ಹೇಳುತ್ತದೆ. ಟಕಟಕ ಶುರುವಾಗುತ್ತದೆ.

“ಅಷ್ಟೇ” ಎನ್ನುತ್ತಾರೆ ದೊಡ್ಡಕ್ಕ. ಈ ‘ಅಷ್ಟೇ’ಯ ಹಿಂದೆ ಏನಿದೆ ಎಂದು ತಿಳಿಯಲು ನನಗೆ ಒಂದು ಇಡೀ ಬೆಳಗು ಹಿಡಿಯಿತು. ಕಂಪ್ಯೂಟರಿನ ವಿಷಯದಲ್ಲಿ ನಾನು ದಡ್ಡ. ನನ್ನದು ನಿಂತರೆ ನಾನು ಮಾಡುವುದು ಒಂದೇ ಕೆಲಸ, ಬೈದು ಆಫ್ ಮಾಡಿ ಮತ್ತೆ ಆನ್ ಮಾಡುವುದು. ಇಲ್ಲಿ ಹಾಗೆ ಮಾಡಿದರೆ ಅರ್ಧ ಬಡಿದ ತಗಡು ಗುಜರಿಗೆ. ಅದಾದರೂ ಹೋಗಲಿ ಎಂದರೆ, ಎಲ್ಲಿಯವರೆಗೆ ಬಂದಿದ್ದೆ ಎನ್ನುವುದನ್ನೂ ಪ್ರೋಗ್ರಾಂ ಮರೆತುಬಿಡುತ್ತದೆ. ಆ ಭಾಗವನ್ನೆಲ್ಲ ಮೊದಲಿನಿಂದ ಹುಡುಕಿ, ಸರಿಪಡಿಸಿ, ಮತ್ತೆ ಹೊರಡಬೇಕು.

ಹಳೆಯ ಕೆಲವು ಕಂಪ್ಯೂಟರುಗಳಲ್ಲಿ ಇದಕ್ಕೊಂದು ಹಿಂಬಾಗಿಲು ಇರುತ್ತಿತ್ತಂತೆ. ಡಿಬಗ್ಗರ್ ಎಂದು ಅದರ ಹೆಸರು. ಪ್ರೋಗ್ರಾಂ ಬರೆಯುವವರು ತಮ್ಮ ತಪ್ಪು ತಾವೇ ಹುಡುಕಿಕೊಳ್ಳಲೆಂದು ಇಟ್ಟದ್ದು. ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಕಂಪ್ಯೂಟರಿನ ಸಕಲ ವ್ಯವಹಾರವೂ ಇದ್ದಲ್ಲೇ ನಿಲ್ಲುತ್ತದೆ, ಯಾವುದೂ ಅಳಿಸಿಹೋಗುವುದಿಲ್ಲ. ಆಗ ಒಳಗಿನಿಂದ ಅದಕ್ಕೆ ನೇರವಾಗಿ ಅಪ್ಪಣೆ ಕೊಡಬಹುದು. ದೊಡ್ಡಕ್ಕ ಕೊಡುವ ಅಪ್ಪಣೆ ಇಷ್ಟು: ಸಿಕ್ಕಿಹಾಕಿಕೊಂಡಿರುವ ಆ ಒಂದು ಹೆಜ್ಜೆಯನ್ನು ಬಿಟ್ಟುಬಿಡು, ಮುಂದಿನ ಹೆಜ್ಜೆಯಿಂದ ನಡಿ.

ತೆರೆಯ ಮೇಲೆ ಆಗ ಏನು ಕಾಣುತ್ತದೆ ಎಂದು ಕಣ್ಣಿರುವ ನಾನಾದರೂ ನೋಡಬೇಕಲ್ಲ. ಎರಡನೆಯ ಸಲ ಕಂಪ್ಯೂಟರು ನಿಂತಾಗ ಬಗ್ಗಿ ನೋಡಿದೆ. ಒಂದು ಖಾಲಿ ಪೆಟ್ಟಿಗೆ, ಅದರ ಮೂಲೆಯಲ್ಲಿ ಬಾಣದ ತುದಿಯಂಥ ಒಂದು ಗುರುತು. ಇನ್ನೇನೂ ಇಲ್ಲ. ಮಾತಾಡುವ ಪ್ರೋಗ್ರಾಂ ಕೂಡ ಉಳಿದೆಲ್ಲದರ ಜೊತೆ ನಿಂತಿರುತ್ತದೆ, ಆದ್ದರಿಂದ ಕಿವಿಗೂ ಏನೂ ಸಿಗುವುದಿಲ್ಲ. ನೆನಪಿನಿಂದ ಒತ್ತಬೇಕು, ಒಂದಕ್ಷರ ಹೆಚ್ಚುಕಡಿಮೆಯಾದರೆ ಎಲ್ಲ ನೀರುಪಾಲು. “ಅಲ್ಲಿ ಕಣ್ಣಿದ್ದೋರಿಗೂ ನೋಡೋಕೆ ಏನೂ ಇಲ್ಲ ಅಂತ ಮೇಷ್ಟ್ರು ಹೇಳಿದ್ರು. ಅವತ್ತಿಂದ ಆ ಜಾಗ ಅಂದ್ರೆ ನನಗೆ ಇಷ್ಟ” ಎಂದು ದೊಡ್ಡಕ್ಕ ನಗುತ್ತಾರೆ. ಆ ಜಾಗಕ್ಕೆ ಅವರು ಇಟ್ಟಿರುವ ಹೆಸರು ಒಳಮನೆ.

ಮೇಷ್ಟ್ರು ಎಂದರೆ ಅಕ್ಷರಗಳನ್ನು ಚುಕ್ಕಿಗಳಾಗಿ ಬದಲಿಸುವ ಈ ಪ್ರೋಗ್ರಾಂ ಬರೆದವರು. ಕಣ್ಣಿಲ್ಲದವರ ಶಾಲೆಯಲ್ಲಿ ಗಣಿತ ಹೇಳುತ್ತಿದ್ದರು. ದೊಡ್ಡಕ್ಕ ಅವರ ವಿದ್ಯಾರ್ಥಿನಿ. ಗಣಿತದಲ್ಲಿ ಅಷ್ಟಕ್ಕಷ್ಟೇ, ಆದರೆ ಬೆರಳು ಬಹಳ ಚುರುಕು ಎಂದು ಅವರೇ ಕರೆತಂದು ಇಲ್ಲಿ ಕೆಲಸಕ್ಕೆ ಸೇರಿಸಿದರು. ಆಗ ಈ ಕಂಪ್ಯೂಟರು ಹೊಸದು, ದೊಡ್ಡಕ್ಕನಿಗೆ ಇನ್ನೂ ಯಾರೂ ದೊಡ್ಡಕ್ಕ ಎನ್ನುತ್ತಿರಲಿಲ್ಲ. ಮೇಷ್ಟ್ರ ಪ್ರೋಗ್ರಾಂ ಚೆನ್ನಾಗಿಯೇ ಓಡುತ್ತಿತ್ತು, ಒಂದು ಹುಳುಕು ಬಿಟ್ಟು. ಒಂದೇ ಸಾಲಿನಲ್ಲಿ ಒತ್ತಕ್ಷರಗಳು ಹೆಚ್ಚಾದರೆ ಯಾವಾಗಲಾದರೊಮ್ಮೆ ಅದರ ಕಾಲಿಗೆ ಕಾಲು ತೊಡರುತ್ತಿತ್ತು.

“ಮೊದಲನೇ ಸಲ ನಿಂತಾಗ ನಾನು ಅತ್ತುಬಿಟ್ಟಿದ್ದೆ” ಎನ್ನುತ್ತಾರೆ ದೊಡ್ಡಕ್ಕ. “ಕೆಲಸಕ್ಕೆ ಸೇರಿ ಇನ್ನೂ ಎಷ್ಟು ದಿನ ಆಗಿತ್ತು, ಅಷ್ಟರಲ್ಲೇ ಮಷೀನ್ ಕೆಡಿಸಿದೆ ಅಂತ ಮನೆಗೆ ಕಳಿಸ್ತಾರೆ ಅಂದ್ಕೊಂಡೆ. ಮೇಷ್ಟ್ರು ಬಂದು ನನ್ನ ಎರಡೂ ಕೈ ಹಿಡಿದು ಈ ಎರಡು ಗುಂಡಿ ಮೇಲೆ ಇಟ್ಟರು. ತಪ್ಪು ನಿಂದಲ್ಲ, ನಂದು. ಎಲ್ಲಿದೆ ಅಂತ ಹುಡುಕ್ತಾನೇ ಇದೀನಿ, ಸಿಕ್ತಿಲ್ಲ. ಸಿಗೋ ತನಕ ನೀನು ಅದನ್ನ ದಾಟಿ ಹೋಗೋದನ್ನ ಕಲಿ ಅಂದ್ರು.” ಆ ತಪ್ಪು ಕೊನೆಗೂ ಮೇಷ್ಟ್ರಿಗೆ ಸಿಗಲಿಲ್ಲ. ಅವರು ತೀರಿಕೊಂಡು ಬಹಳ ಕಾಲವಾಯಿತು. ದೊಡ್ಡಕ್ಕ ಇಂದಿಗೂ ದಾಟುತ್ತಲೇ ಇದ್ದಾರೆ.

ಯಜಮಾನರು ಪರಿಚಯವಾದದ್ದೂ ಇದೇ ಕಟ್ಟಡದಲ್ಲಿ. ಅವರು ಎದುರು ಕೋಣೆಯಲ್ಲಿ ಕೂತು ದೊಡ್ಡಕ್ಕ ಬಡಿದ ತಗಡಿನಿಂದ ಅಚ್ಚಾದ ಹಾಳೆಗಳನ್ನು ಓದಿ, ತಪ್ಪು ಸಿಕ್ಕರೆ ಇತ್ತ ಬಂದು ಹೇಳುತ್ತಿದ್ದರು. “ಇವರು ಬಂದಾಗಲೆಲ್ಲ ನನಗೆ ಮೈ ಉರೀತಿತ್ತು” ಎಂದು ದೊಡ್ಡಕ್ಕ ನೆನೆಯುತ್ತಾರೆ. “ಆಮೇಲೆ ನೋಡಿದ್ರೆ ತಪ್ಪೇ ಇಲ್ಲದ ಹಾಳೇನೂ ಹಿಡ್ಕೊಂಡು ಬರೋಕೆ ಶುರು ಮಾಡಿದ್ರು.” ಯಜಮಾನರು ಇದನ್ನು ಅಲ್ಲಗಳೆಯುವುದಿಲ್ಲ. “ಒಂದಾದ್ರೂ ತಪ್ಪು ಮಾಡು ಮಾರಾಯ್ತಿ, ಬರೋಕೆ ನೆಪ ಬೇಕಲ್ಲ ಅಂತ ಕೇಳ್ಕೊಂಡೆ” ಎನ್ನುತ್ತಾರೆ. ಮದುವೆಯಾಯಿತು, ಮಗಳು ಹುಟ್ಟಿದಳು, ಬೆಳೆದಳು, ಈಗ ಅವಳ ಸಂಸಾರ ಅವಳಿಗೆ. ಇವರಿಬ್ಬರು ಮುದ್ರಣಾಲಯದ ಹಿಂದಿನ ಬೀದಿಯಲ್ಲಿ, ಮೆಟ್ಟಿಲು ಹತ್ತುವ ಗೋಜಿಲ್ಲದ ಎರಡು ಕೋಣೆಯ ಮನೆಯಲ್ಲಿದ್ದಾರೆ.

ಮುದ್ರಣಾಲಯದ ಕೆಲಸದ ಹೊತ್ತು ಶುರುವಾಗುವುದಕ್ಕೆ ಬಹಳ ಮೊದಲೇ ಇವರು ಬಂದು ಕೂರುತ್ತಾರೆ. ಯಾಕೆ ಇಷ್ಟು ಬೇಗ ಎಂದು ಕೇಳಿದೆ. “ಬೆಳಿಗ್ಗೆ ತಂಪು” ಎಂದರು ದೊಡ್ಡಕ್ಕ. ಒಳ್ಳೆಯ ದಿನ ಹತ್ತು ಹನ್ನೆರಡು ತಗಡು ಮುಗಿಯುತ್ತದಂತೆ, ಕೆಟ್ಟ ದಿನ ನಾಲ್ಕೇ. ನಾನು ಮಗಳ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಿದೆ. ಅವರು ಮಷೀನಿಗೆ ಹಾಕುವ ಎಣ್ಣೆಯ ಬಗ್ಗೆ ಉತ್ತರ ಕೊಟ್ಟರು. ಮತ್ತೊಮ್ಮೆ ಕೇಳಿದೆ. “ಹ್ಞೂ” ಎಂದರು. ನನಗೆ ಕಸಿವಿಸಿಯಾಯಿತು. ಯಜಮಾನರು ಗಂಟಲು ಸರಿಮಾಡಿಕೊಂಡರು.

“ಹೇಳಿಬಿಡೋಣ ಕಣೇ. ಇವರು ಊರಿಗೆಲ್ಲ ಬರೆಯೋರು. ಅರ್ಧಂಬರ್ಧ ತಿಳ್ಕೊಂಡು ಏನಾದ್ರೂ ಬರೆದುಬಿಟ್ಟರೆ ಕಷ್ಟ” ಎಂದು ಹೆಂಡತಿಯ ಎಡಗಿವಿಯ ಹತ್ತಿರ ಬಾಯಿಟ್ಟು ಗಟ್ಟಿಯಾಗಿ ಹೇಳಿದರು. ದೊಡ್ಡಕ್ಕ ಕೀಬೋರ್ಡಿನ ಅಂಚು ಸವರಿದರು. ಆಮೇಲೆ, “ನನಗೆ ಕಿವಿ ಹೋಗ್ತಾ ಇದೆ” ಎಂದರು. ಬಲಗಿವಿ ಆಗಲೇ ಹೋಗಿದೆ. ಎಡಗಿವಿಯೂ ಹಿಂದೆಯೇ ಹೊರಟಿದೆ, ನರದ ತೊಂದರೆ, ತಡೆಯುವ ಔಷಧಿ ಇಲ್ಲ ಎಂದು ವೈದ್ಯರು ಹೇಳಿದ್ದಾರೆ. ಕಣ್ಣಿಲ್ಲದೆ ಇಷ್ಟು ವರ್ಷ ಯಾವ ಕಿವಿಯನ್ನು ನಂಬಿ ಬದುಕಿದರೋ ಆ ಕಿವಿ.

ಬೆಳಿಗ್ಗೆ ಬೇಗ ಬರುವುದು ತಂಪಿಗಲ್ಲ. ಬೀದಿಯಲ್ಲಿ ಗಾಡಿಗಳ ಗಲಾಟೆ ಶುರುವಾಗುವ ಮೊದಲು ಕಂಪ್ಯೂಟರು ಓದುವುದು ಇನ್ನೂ ಅಷ್ಟಿಷ್ಟು ಕೇಳುತ್ತದೆ, ಅದಕ್ಕೆ.

ಮೊದಲು ಹೋದದ್ದು ಸಣ್ಣ ಸದ್ದುಗಳು. ಆ ಸಣ್ಣ ಸದ್ದುಗಳಲ್ಲೇ ದೊಡ್ಡಕ್ಕನ ಕಸುಬು ಇತ್ತು. ಕಂಪ್ಯೂಟರಿನ ಸ್ಪೀಕರಿನಲ್ಲಿ, ಮಾತಿಲ್ಲದಾಗಲೂ, ಸುಯ್ ಎಂಬ ಒಂದು ಸಪ್ಪಳ ಇದ್ದೇ ಇರುತ್ತದೆ. ನಾವು ನೀವು ಗಮನಿಸುವುದೇ ಇಲ್ಲ. ಎರಡು ಗುಂಡಿ ಒತ್ತಿ ಡಿಬಗ್ಗರಿಗೆ ಹೋದ ಕ್ಷಣ ಆ ಸುಯ್ ಕತ್ತರಿಸಿದಂತೆ ನಿಲ್ಲುತ್ತದೆ. ಒಳಗೆ ಬಂದಾಯಿತು, ಇನ್ನು ಅಪ್ಪಣೆ ಒತ್ತಬಹುದು ಎನ್ನುವುದಕ್ಕೆ ದೊಡ್ಡಕ್ಕನಿಗಿದ್ದ ಗುರುತು ಅದೊಂದೇ. “ಕಿವಿ ಹೋಗೋಕೆ ಶುರುವಾದ ಮೇಲೆ ನನಗೆ ಆ ಸುಯ್ ಯಾವಾಗ ನೋಡಿದ್ರೂ ನಿಂತೇ ಇರ್ತಿತ್ತು” ಎನ್ನುತ್ತಾರೆ. ಈಚೆಗೆ, ಮನೆಯವರಿಗೆಲ್ಲ ಗೊತ್ತಾದ ಮೇಲೆ, ಕಿವಿಗೆ ಹಾಕುವ ಮಷೀನನ್ನೂ ಮಗಳು ಕೊಡಿಸಿದ್ದಾಳೆ. ಅದರದ್ದೇ ಒಂದು ಸುಯ್. “ಎರಡು ಸುಯ್ ಒಳಗೆ ಯಾವುದು ನಿಂತಿತು ಅಂತ ಯಾರಿಗೆ ಗೊತ್ತಾಗುತ್ತೆ, ನೀವೇ ಹೇಳಿ. ತೆಗೆದು ಡಬ್ಬಿಗೆ ಹಾಕಿದೆ.”

ಒಂದು ದಿನ ಕಂಪ್ಯೂಟರು ನಿಂತಿತು. ದೊಡ್ಡಕ್ಕ ಎರಡು ಗುಂಡಿ ಒತ್ತಿದರು. ಹಳೆಯ ಕೀಬೋರ್ಡು, ಒಂದು ಗುಂಡಿ ಸರಿಯಾಗಿ ಕಚ್ಚಲಿಲ್ಲ. ಬಾಗಿಲು ತೆರೆಯಲೇ ಇಲ್ಲ. ತೆರೆದಿದೆ ಎಂದುಕೊಂಡು ಇವರು ಎಂದಿನ ಅಪ್ಪಣೆ ಒತ್ತಿದರು. ಕಂಪ್ಯೂಟರು ಆ ಸಲ ನಿಜವಾಗಿ ಸಿಕ್ಕಿಹಾಕಿಕೊಂಡಿರಲಿಲ್ಲ, ಸುಮ್ಮನೆ ತಡೆದಿತ್ತು ಅಷ್ಟೇ. ತಾನಾಗಿ ಎಚ್ಚರಗೊಂಡು, ಇವರು ಒತ್ತಿದ್ದ ಅಕ್ಷರಗಳನ್ನೆಲ್ಲ ನಿಘಂಟಿನ ಪದಗಳೆಂದೇ ತಿಳಿದು, ಶಿಸ್ತಾಗಿ ಚುಕ್ಕಿ ಮಾಡಿ ತಗಡಿಗೆ ಬಡಿಯಿತು. ಸಮುದ್ರಕ್ಕೂ ಸಮೂಹಕ್ಕೂ ನಡುವೆ, ಯಾವ ಭಾಷೆಯಲ್ಲೂ ಇಲ್ಲದ ಒಂದು ಪದ.

ಅದು ಬೆರಳಿಗೆ ಸಿಕ್ಕಿದ್ದು ಯಜಮಾನರಿಗೆ. “ಓದ್ತಾ ಓದ್ತಾ ಗಕ್ಕನೆ ನಿಂತೆ” ಎನ್ನುತ್ತಾರೆ. “ಇದೇನಪ್ಪಾ ಹೊಸ ಪದ, ಅರ್ಥಾನೂ ಕೊಟ್ಟಿಲ್ಲ ಅಂತ. ಎರಡನೇ ಸಲ ಓದಿದಾಗ ಗೊತ್ತಾಯ್ತು, ಇದು ಇವಳ ಒಳಮನೆ ಮಂತ್ರ. ಆ ಮಂತ್ರ ನಮ್ಮನೇಲಿ ಎಷ್ಟೋ ಸಲ ಕೇಳಿದೀನಿ, ನಿದ್ದೇಲೂ ಕನವರಿಸ್ತಾಳೆ. ಹೊರಗೆ ಯಾಕೆ ಬಂತು? ಆಗ ಒಂದಕ್ಕೊಂದು ಕೂಡಿಸಿ ನೋಡಿದೆ. ಮನೇಲಿ ಕೆಲವು ತಿಂಗಳಿಂದ ನಾನು ಏನು ಹೇಳಿದ್ರೂ ಹ್ಞೂ ಅಂತಿದ್ಲು. ಮದುವೆ ಆದಾಗಿಂದ ಒಂದು ಮಾತಿಗೂ ಹ್ಞೂ ಅಂದೋಳಲ್ಲ. ವಯಸ್ಸಾಯ್ತು, ಸ್ವಲ್ಪ ಮೆತ್ತಗಾಗಿದ್ದಾಳೆ ಅಂತ ನಾನು ಒಳಗೊಳಗೇ ಖುಷಿಯಾಗಿದ್ದೆ ಕಣ್ರೀ. ಅವಳಿಗೆ ಕೇಳಿಸ್ತಾನೇ ಇರಲಿಲ್ಲ.”

ನಗಿಸಲು ಹೊರಟವರ ದನಿ ಕೊನೆಯಲ್ಲಿ ಒಡೆದದ್ದು ದೊಡ್ಡಕ್ಕನಿಗೆ ಕೇಳಿಸಿರಲಿಕ್ಕಿಲ್ಲ. ಆದರೆ ಭುಜದ ಮೇಲಿನ ಕೈಗೆ ತಮ್ಮ ಕೈ ಸೇರಿಸುತ್ತಾರೆ. ಆ ದಿನ ಯಜಮಾನರು ಹಾಳೆಯನ್ನು ಪಕ್ಕಕ್ಕಿಟ್ಟು, ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಇತ್ತ ಬಂದು, ಆ ತಗಡು ಹುಡುಕಿ ತೆಗೆದು, ಬೇಡದ ಚುಕ್ಕಿಗಳನ್ನು ಒಂದೊಂದಾಗಿ ಪುಟ್ಟ ಸುತ್ತಿಗೆಯಿಂದ ತಟ್ಟಿ ಮಟ್ಟಸ ಮಾಡಿದರು. ತಪ್ಪು ಬಿದ್ದ ಚುಕ್ಕಿಯನ್ನು ಹೀಗೆ ಅಳಿಸುವುದು ಈ ಕಸುಬಿನವರಿಗೆ ಮಾಮೂಲು. ತಪ್ಪು ಸಿಕ್ಕರೆ ಆಪರೇಟರಿಗೆ ಹೇಳದೆ ಅಳಿಸುವುದು ಮಾತ್ರ ಮಾಮೂಲಲ್ಲ. ಸಂಜೆ ಮನೆಗೆ ಹೋಗಿ, ಹೆಂಡತಿಯ ಎದುರು ಕೂತು, ಕಿವಿ ಯಾವಾಗಿಂದ ಹೀಗೆ ಎಂದು ಅವರ ಅಂಗೈ ಮೇಲೆ ಬೆರಳಿಂದ ಚುಕ್ಕಿ ಒತ್ತಿ ಕೇಳಿದರಂತೆ. ದೊಡ್ಡಕ್ಕ ಆಗ ಎರಡನೆಯ ಸಲ ಅತ್ತರು.

ಮಾರನೆಯ ಬೆಳಗಿನಿಂದ ಯಜಮಾನರು ಜೊತೆಗೆ ಬರತೊಡಗಿದರು. ಹೊರಗಿನವರಿಗೆ, ಸುಮ್ಮನೆ ಪಕ್ಕದಲ್ಲಿ ಕೂರುವ ಮುದುಕ. ಅವರು ಅಲ್ಲಿ ಕೂತು ಮಾಡುವುದು ಸ್ಪೀಕರಿನ ಆ ಸುಯ್ ಎಂಬ ಸದ್ದನ್ನು ಕಾಯುವ ಕೆಲಸ. ಗುಂಡಿ ಒತ್ತಿದಾಗ ಅದು ನಿಂತರೆ ಹೆಬ್ಬೆರಳಲ್ಲಿ ಒಮ್ಮೆ ಅದುಮುತ್ತಾರೆ. ನಿಲ್ಲದಿದ್ದರೆ ಎರಡು ಸಲ ತಟ್ಟುತ್ತಾರೆ. ಹಾಗಾದರೆ ನೀವೇ ಯಾಕೆ ಅಪ್ಪಣೆ ಒತ್ತಬಾರದು ಎಂದು ನಾನು ಕೇಳಿದೆ. ಹೆಂಡತಿ ಹೇಳಿಕೊಟ್ಟರು, ತಾವೂ ಪ್ರಯತ್ನಿಸಿದರು. “ನಂದು ಓದೋ ಬೆರಳು, ಬಡಿಯೋ ಬೆರಳಲ್ಲ. ಒಂದೊಂದೇ ಗುಂಡಿ ಹುಡುಕಿ ಒತ್ತೋ ಅಷ್ಟರಲ್ಲಿ ಶಿಫ್ಟ್ ಮುಗಿದಿರುತ್ತೆ. ಅದೂ ಅಲ್ದೆ ನಾನೇ ಬಡಿದ್ರೆ ಪ್ರೂಫ್ ಓದೋರ್ಯಾರು? ನನ್ನ ತಪ್ಪು ನನಗೆ ಸಿಗುತ್ತಾ?”

ಇಲ್ಲಿ ಮ್ಯಾನೇಜರ ಬಗ್ಗೆ ಹೇಳಬೇಕು. ಒಳ್ಳೆಯ ಮನುಷ್ಯ, ಸಿಡುಕನಲ್ಲ, ಬಂದವರಿಗೆ ಕುರ್ಚಿ ತಾನೇ ಎಳೆದುಕೊಡುವವರು. ಅವರ ಕೋಣೆಯಲ್ಲಿ ಹೊಸ ಕಂಪ್ಯೂಟರೊಂದು ಪ್ಲಾಸ್ಟಿಕ್ ಮುಸುಕು ಹೊದ್ದು ಕೂತಿದೆ. ಅದರ ಜೊತೆಗೆ ಒಂದು ಉದ್ದನೆಯ ಪಟ್ಟಿ ಬಂದಿದೆ. ತೆರೆಯ ಮೇಲಿನ ಅಕ್ಷರಗಳು ಆ ಪಟ್ಟಿಯಲ್ಲಿ ಚುಕ್ಕಿಗಳಾಗಿ ಏಳುತ್ತವೆ, ಬೆರಳಿಟ್ಟು ಓದಬಹುದು, ಕಿವಿಯ ಹಂಗೇ ಇಲ್ಲ. “ಆದರೆ ಈ ನಿಘಂಟು ಅದಕ್ಕೆ ಹೊಂದಲ್ಲ” ಎಂದರು ಮ್ಯಾನೇಜರು. “ಮೇಷ್ಟ್ರ ಲೆಕ್ಕಾಚಾರವೇ ಬೇರೆ. ಹೊಸದಕ್ಕೆ ತಂದ್ರೆ ಚುಕ್ಕಿಗಳೆಲ್ಲ ಕಲಸಿಹೋಗ್ತವೆ, ಸಕಾರದಿಂದ ಒಂದೊಂದು ಪದಾನೂ ಹೊಸದಾಗಿ ಹಾಕಿ ಪ್ರೂಫ್ ನೋಡ್ಬೇಕು. ದೊಡ್ಡಕ್ಕ ಹಳೇದರಲ್ಲೇ ಮುಗಿಸ್ತಾರೆ ಬಿಡಿ, ಅವರಿದ್ದಾರಲ್ಲ.” ನಾನು ತಲೆಯಾಡಿಸಿದೆ. ಅವರಿಗೆ ಕಿವಿಯ ವಿಷಯ ಗೊತ್ತಿಲ್ಲ.

ಗೊತ್ತಾದರೆ ಏನಾಗುತ್ತದೆ ಎನ್ನುವುದು ಯಂತ್ರದ ಕೋಣೆಯ ಬಾಗಿಲ ಮೇಲೆಯೇ ಬರೆದಿದೆ. ತಗಡು ಬಡಿಯುವ ಯಂತ್ರಕ್ಕೆ ಒಂದು ಎಚ್ಚರಿಕೆ ಗಂಟೆಯಿದೆ. ತಗಡು ಸಿಕ್ಕಿಕೊಂಡರೆ ಅದು ಹೊಡೆದುಕೊಳ್ಳುತ್ತದೆ, ಕೂಡಲೇ ಕೈ ತೆಗೆಯಬೇಕು. ಹಿಂದೊಮ್ಮೆ ತೆಗೆಯದೆ ಬೈಂಡರೊಬ್ಬರ ಬೆರಳು ಜಜ್ಜಿಹೋಗಿತ್ತು. ಅಂದಿನಿಂದ, ಗಂಟೆ ಕೇಳಿಸದವರು ಆ ಯಂತ್ರದ ಮುಂದೆ ಕೂರುವಂತಿಲ್ಲ. ನಿಯಮ ನ್ಯಾಯವಾದದ್ದೇ, ಅದರ ಮೇಲೆ ಸಿಟ್ಟು ಮಾಡಿಕೊಳ್ಳಲು ಎಷ್ಟು ಹುಡುಕಿದರೂ ನನಗೆ ಕಾರಣ ಸಿಗಲಿಲ್ಲ. ದೊಡ್ಡಕ್ಕನನ್ನು ಬೈಂಡಿಂಗಿಗೋ ಮನೆಗೋ ಕಳಿಸುತ್ತಾರೆ, ನಿಘಂಟು ಸಕಾರದಲ್ಲೇ ನಿಲ್ಲುತ್ತದೆ. ಅಕಾರದಿಂದ ಷಕಾರದವರೆಗಿನ ಸಂಪುಟಗಳು ಆಗಲೇ ಶಾಲೆಗಳಿಗೆ ಹೋಗಿವೆ. “ಯೋಚನೆ ಮಾಡಿ” ಎನ್ನುತ್ತಾರೆ ಯಜಮಾನರು, “ಆ ಮಕ್ಕಳಿಗೆ ಸಂತೋಷ, ಸಾಲ, ಹಸಿವು, ಹೆಂಡತಿ, ಯಾವುದಕ್ಕೂ ಅರ್ಥ ಸಿಗಲ್ಲ. ಮುಂದೆ ಬದುಕೋದು ಹೇಗೆ?”

ಗೇಲಿಯನ್ನು ಬದಿಗಿಟ್ಟು ದೊಡ್ಡಕ್ಕ ಹೇಳಿದ್ದು ಬೇರೆ. “ನಾನು ಸಣ್ಣೋಳಿದ್ದಾಗ ನಮಗೆ ನಿಘಂಟು ಇರಲಿಲ್ಲ. ಯಾವ ಪದ ಗೊತ್ತಿಲ್ಲ ಅಂದ್ರೂ ಕಣ್ಣಿರೋರನ್ನ ಕೇಳ್ಬೇಕಿತ್ತು. ಅವರು ಬಿಡುವಾದಾಗ ಹೇಳೋರು. ಕೆಲವು ಪದ ಕೇಳೋಕೆ ನಾಚಿಕೆ ಆಗ್ತಿತ್ತು, ಕೇಳಲೇ ಇಲ್ಲ. ಯಾರನ್ನೂ ಕೇಳದೆ, ತಾನೇ ಹೋಗಿ ಕಪಾಟಿಂದ ತೆಗೆದು ನೋಡೋದು ಎಷ್ಟು ಸುಖ ಅಂತ ನಿಮಗೆ ಗೊತ್ತಿಲ್ಲ. ಅದು ಹ ತನಕ ಇರಬೇಕು. ಳ ದಿಂದ ಶುರುವಾಗೋ ಪದ ಇಲ್ಲ, ಅಷ್ಟು ಉಳೀತು.”

ಅವರ ಅವಸರವೆಲ್ಲ ಆ ಕಂಪ್ಯೂಟರಿನ ಮಾತು ಕೇಳಿಸುತ್ತಿರುವಾಗಲೇ ಮುಗಿಸಬೇಕೆಂದು. ಸ್ಪೀಕರನ್ನು ಈಗ ಪೂರ್ತಿ ಏರಿಸಿ ಕಿವಿಯ ಪಕ್ಕ ಇಟ್ಟುಕೊಂಡಿದ್ದಾರೆ. ಸಾಲು ಸರಿಯಿದೆಯೇ ಎಂದು ಕೇಳದೆ ತಗಡಿಗೆ ಕಳಿಸುವುದು ಅವರಿಗೆ ಸುತರಾಂ ಒಪ್ಪಿಗೆಯಿಲ್ಲ. ಸಕಾರದ ಕೊನೆಯಲ್ಲಿ ಇರುವುದೆಲ್ಲ ಒತ್ತಕ್ಷರದ ಪದಗಳೇ, ಸ್ತ, ಸ್ಥ, ಸ್ಪ, ಸ್ವ ಎಂದು ಮೆರವಣಿಗೆ. ಮೇಷ್ಟ್ರ ಪ್ರೋಗ್ರಾಂ ಹೆಜ್ಜೆ ಹೆಜ್ಜೆಗೂ ಮುಗ್ಗರಿಸುತ್ತಿದೆ. ಕಿವಿ ಒಂದು ಕಡೆಯಿಂದ ಓಡುತ್ತಿದೆ, ನಿಘಂಟು ಇನ್ನೊಂದು ಕಡೆಯಿಂದ ತೆವಳುತ್ತಿದೆ.

ವಿಚಿತ್ರವೆಂದರೆ ಒಳಮನೆಗೆ ಹೋದಾಗ ಮಾತ್ರ ಅವರಿ­ಗೆ ಯಾವ ಕಷ್ಟವೂ ಇಲ್ಲ. “ಅಲ್ಲಿ ಮೊದಲಿಂದ್ಲೂ ಏನೂ ಕೇಳ್ತಿರಲಿಲ್ಲ ಅಲ್ವಾ” ಎಂದರು. “ಎಲ್ಲಾ ಕಡೆ ನಾನು ಅರ್ಧ ಆಗ್ತಾ ಇದೀನಿ. ಅಲ್ಲಿ ಮಾತ್ರ ಇಡೀ ಇದೀನಿ. ಒಂದೊಂದ್ಸಲ ಅಪ್ಪಣೆ ಒತ್ತೋಕೆ ಮುಂಚೆ ಸ್ವಲ್ಪ ಹೊತ್ತು ಹಾಗೇ ಕೂತಿರ್ತೀನಿ. ಇವರು ಬೈತಾರೆ, ಅಲ್ಲೇ ಸಂಸಾರ ಹೂಡ್ತೀಯಾ ಅಂತ.”

ಪೂರ್ತಿ ಕೇಳಿಸದ ದಿನಕ್ಕೆ ಮನೆಯಲ್ಲಿ ತಯಾರಿ ನಡೆದಿದೆ. ಯಜಮಾನರು ಅವರ ತೋಳಿನ ಮೇಲೆ, ಬೆನ್ನಿನ ಮೇಲೆ ಬೆರಳಿಂದ ಬ್ರೈಲ್ ಚುಕ್ಕಿ ಒತ್ತಿ ಮಾತಾಡುವುದನ್ನು ರೂಢಿ ಮಾಡುತ್ತಿದ್ದಾರೆ. “ಜಗಳ ಆಡೋಕೆ ಬಹಳ ನಿಧಾನ. ಒಂದು ಮಾತು ಒತ್ತೋ ಅಷ್ಟರಲ್ಲಿ ಸಿಟ್ಟು ಇಳಿದುಹೋಗಿರುತ್ತೆ” ಎಂಬುದು ಅವರ ದೂರು.

ನಾನು ಹೊರಡಲು ಎದ್ದೆ. ಇಷ್ಟನ್ನೂ ಬರೆದರೆ ಮ್ಯಾನೇಜರು ಓದುತ್ತಾರೆ. ಕಿವಿಯ ವಿಷಯ ಬಿಟ್ಟು ಬರೆದರೆ ಬರೆದದ್ದು ಸುಳ್ಳಾಗುತ್ತದೆ. ಏನು ಮಾಡಲಿ ಎಂದು ಅವರನ್ನೇ ಕೇಳಿದೆ, ಎಡಗಿವಿಯ ಹತ್ತಿರ ಬಗ್ಗಿ, ಗಟ್ಟಿಯಾಗಿ. ದೊಡ್ಡಕ್ಕ ಬಹಳ ಹೊತ್ತು ಯೋಚಿಸಲಿಲ್ಲ.

“ಎಲ್ಲಾ ಬರೀರಿ. ಆದ್ರೆ ಕೊನೇ ತಗಡು ಆದ್ಮೇಲೆ ಹಾಕಿ. ಅವತ್ತೇ ನಾನೇ ಹೋಗಿ ಮ್ಯಾನೇಜರಿಗೆ ಹೇಳ್ತೀನಿ, ಪೇಪರಿಂದ ಅವರಿಗೆ ಗೊತ್ತಾಗೋದು ಬೇಡ. ಅಲ್ಲಿ ತನಕ ಗಂಟೆ ಇವರಿಗೆ ಕೇಳುತ್ತೆ, ಇವರ ಕೈ ನನ್ನ ಮೇಲಿರುತ್ತೆ. ಅಷ್ಟೊಂದು ಕಾಯೋಕಾಗಲ್ಲ ಅಂದ್ರೆ ಹಾಕಲೇಬೇಡಿ.”

ಅದಾದ ಮೇಲೆ ಏನಾದರೂ ಬೇಕೇ ಎಂದು ಕೇಳಿದೆ. ಮ್ಯಾನೇಜರ ಕೋಣೆಯಲ್ಲಿರುವ ಆ ಚುಕ್ಕಿಯ ಪಟ್ಟಿಯನ್ನು ಯಾರಾದರೂ ತಮಗೆ ಕಲಿಸಿದರೆ ಕಲಿಯುತ್ತೇನೆ ಎಂದರು. “ಅದರಲ್ಲಿ ಹಿಂಬಾಗಿಲು ಇಲ್ವಂತೆ. ಇರಲಿ. ಮುಂಬಾಗಿಲಿಂದಾನೇ ಹೋಗೋಣ.”

ಕಾದೆ. ಈ ಪುರವಣಿಯ ಸಂಪಾದಕರು ಮುಖ ಊದಿಸಿಕೊಂಡರು, ಎರಡು ಸಲ ಜಾಗ ಖಾಲಿಯಿದೆ ಕೊಡಿ ಎಂದರು, ಇನ್ನೂ ಆಗಿಲ್ಲ ಎಂದೆ. ಆಗಿರಲಿಲ್ಲ ಕೂಡ. ನಡುವೆ ಯಜಮಾನರು ಆಗಾಗ ಫೋನು ಮಾಡುತ್ತಿದ್ದರು. ಸ ಮುಗಿಯಿತು ಎಂದು ಒಂದು ಸಲ. ಎಡಗಿವಿ ಈ ವಾರ ಚೆನ್ನಾಗಿಲ್ಲ ಎಂದು ಇನ್ನೊಂದು ಸಲ. “ಕಂಪ್ಯೂಟರು ಓದೋದು ಈಗ ಅವಳಿಗೆ ಕೇಳ್ತಿಲ್ಲ, ಅದು ಓದಿದ್ದನ್ನ ನಾನು ಕೇಳಿ ತೋಳಿನ ಮೇಲೆ ಒತ್ತುತ್ತೀನಿ, ಅವಳು ತಗಡಿಗೆ ಕಳಿಸ್ತಾಳೆ” ಎಂದು ಆಮೇಲೊಂದು ಸಲ. ಆ ದಿನ ಅವರ ದನಿಯಲ್ಲಿ ಗೇಲಿ ಇರಲಿಲ್ಲ. ಹ ಎಲ್ಲಿಗೆ ಬಂತು ಎಂದು ಕೇಳಿದೆ. ‘ಹುರುಪು’ ದಾಟಿದೆವು ಎಂದರು. ನಾನು ಮನೆಯಲ್ಲಿ ನನ್ನ ನಿಘಂಟು ತೆಗೆದು ಇನ್ನು ಎಷ್ಟು ಪುಟ ಎಂದು ನೋಡಿದೆ. ಆಮೇಲೆ ಬಹಳ ದಿನ ಫೋನಿಲ್ಲ. ನಾನಾಗಿ ಮಾಡಲು ಹೆದರಿಕೆಯಾಯಿತು.

ಮೊನ್ನೆ ಬೆಳಿಗ್ಗೆ ನಾನಿನ್ನೂ ಮಗ್ಗುಲು ಬದಲಿಸುತ್ತಿದ್ದಾಗ ಫೋನು ಬಂತು. ಯಜಮಾನರ ನಂಬರು. ಎತ್ತಿದರೆ ದೊಡ್ಡಕ್ಕನ ದನಿ, ಇಡೀ ಬೀದಿಗೆ ಕೇಳುವಷ್ಟು ಗಟ್ಟಿಯಾಗಿ.

“ನೀವು ಏನು ಮಾತಾಡಿದ್ರೂ ನನಗೆ ಕೇಳಿಸಲ್ಲ. ಅದಕ್ಕೇ ನೀವು ಮಾತಾಡ್ಬೇಡಿ, ನಾನು ಹೇಳ್ತೀನಿ. ಕೊನೇ ಪದ ಹ್ಲಾದ. ಅಂದ್ರೆ ಸಂತೋಷ ಅಂತ ಕೊಟ್ಟಿದೆ. ಅದಕ್ಕೂ ಸಿಕ್ಕಿಹಾಕ್ಕೊಳ್ತು, ಅದಕ್ಕೂ ಒಂದ್ಸಲ ಒಳಗೆ ಹೋಗಿಬಂದೆ. ನಿನ್ನೆ ಸಂಜೆ ತಗಡು ಆಚೆ ಬಂತು, ಇವರು ಮುಟ್ಟಿ ಓದಿದ್ರು, ತಪ್ಪಿಲ್ಲ ಅಂತ ಕೈ ಮೇಲೆ ಒತ್ತಿದ್ರು. ಮ್ಯಾನೇಜರಿಗೂ ಹೇಳಿಯಾಯ್ತು. ಇನ್ನು ಹಾಕಿ.”